ದೂಳು ಕುಡಿದ ಬಗ್ಗಿ: ಕೋಲಾರದಲ್ಲಿ ಪೂರ್ತಿ ಬಿಚ್ಚಿ ಕಟ್ಟಿದ ಕೆಲಸದ ದಾಖಲೆ

ಇದು ರಿಮೋಟಿನಲ್ಲಿ ಓಡಿಸುವ (ಆರ್‌ಸಿ) ಬಗ್ಗಿ, ಅಳತೆ ನಿಜ ಗಾಡಿಯ 1/8. ನಾಲ್ಕೂ ಚಕ್ರಕ್ಕೆ ಶಾಫ್ಟ್ ಡ್ರೈವ್, ಮುಂದೆ, ನಡುವೆ, ಹಿಂದೆ ಒಂದೊಂದು ಡಿಫ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಗೇರ್), 2000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು) ಬ್ರಶ್‌ಲೆಸ್ ಮೋಟಾರ್, 4ಎಸ್ (ನಾಲ್ಕು ಸೆಲ್ಲಿನ) ಲೈಪೊ ಬ್ಯಾಟರಿ. ಬ್ಯಾಟರಿ ಸೇರಿ ತೂಕ ಮೂರೂವರೆ ಕೆ.ಜಿ. ಆಸುಪಾಸು. ಗಾಡಿ ಮೇಜಿಗೆ ಬಂದಾಗ ಇದ್ದ ದೂರು ಮೂರು. ಜಂಪ್ ಇಳಿದು ಥ್ರಾಟಲ್ ಕೊಟ್ಟರೆ ಹಿಂದಿನಿಂದ ಗರಗರ ಸದ್ದು. ಒಂದು ತಿರುವಿನಲ್ಲಿ ಮೂತಿ ಹೊರಗೋಡುತ್ತದೆ, ಅದೇ ತಿರುವಿನಲ್ಲಿ ಮುಂದಿನ ಸುತ್ತಿಗೆ ಹಿಂಭಾಗ ಜಾರಿ ಗಿರಕಿ ಹೊಡೆಯುತ್ತದೆ. ಮುಂದಿನ ಎಡ ಶಾಕ್ (ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್) ಸೋರುತ್ತದೆ.

ಇದಕ್ಕೆ ಮೊದಲೇ ಎಣ್ಣೆ ಬದಲಾಗಿತ್ತು, ಸ್ಪ್ರಿಂಗ್ ಬದಲಾಗಿತ್ತು, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಆಕಡೆ ಈಕಡೆ ತಿರುಗಿತ್ತು. ಯಾವುದರಿಂದಲೂ ಗುಣ ಕಾಣಲಿಲ್ಲ, ಕಾಣುವುದೂ ಇಲ್ಲ. ಒಂದೇ ತಿರುವಿನಲ್ಲಿ ಎರಡು ಬಗೆಯಾಗಿ ನಡೆದುಕೊಳ್ಳುವ ಗಾಡಿಯಲ್ಲಿ ಸೆಟಪ್ ತಪ್ಪಿರುವುದಿಲ್ಲ, ಎಲ್ಲೋ ಒಂದು ಕೀಲು ಹಿಡಿದಿರುತ್ತದೆ ಇಲ್ಲವೇ ಎಲ್ಲೋ ಸಡಿಲಾಗಿ ಆಟ ಬಂದಿರುತ್ತದೆ. ಅದನ್ನು ಹುಡುಕದೆ ಸ್ಪ್ರಿಂಗ್ ಬದಲಿಸುವುದು ಸೋರುವ ಮಡಕೆಗೆ ನೀರು ಹೊತ್ತಂತೆ.

ಮೊದಲು ನೆಲದ ಮಾತು

ಕೋಲಾರದ ಸುತ್ತ ಎಲ್ಲಿ ಅಗೆದರೂ ಮೇಲೆ ಕೆಂಪು ಮಣ್ಣು, ಅದರಡಿ ಗರಸು, ಅದರಡಿ ಬಂಡೆ. ಬಂಡೆ ಶಿಥಿಲವಾಗಿ ಉದುರಿದ ಈ ಗರಸಿನಲ್ಲಿ ಬೆಣಚುಕಲ್ಲಿನ ಹರಳು ಹೇರಳ. ಮೋಸ್ ಮಾಪನದಲ್ಲಿ ಬೆಣಚುಕಲ್ಲಿನ ಗಡಸುತನ 7, ಸಾಮಾನ್ಯ ಚಾಕುವಿನ ಉಕ್ಕಿನದು ಐದೂವರೆ. ಎಣ್ಣೆ ಮೆತ್ತಿದ ಕೀಲಿಗೆ ಈ ಪುಡಿ ಹೊಕ್ಕರೆ ಅಲ್ಲಿರುವುದು ಗ್ರೀಸ್ ಅಲ್ಲ, ಮೆಕ್ಯಾನಿಕ್‌ಗಳು ವಾಲ್ವ್ ಉಜ್ಜಲು ಬಳಸುವ ಪೇಸ್ಟ್. ತಂಪು ದೇಶಗಳ ಒದ್ದೆ ಜೇಡಿ ಟ್ರ್ಯಾಕಿಗೆಂದು ಬರೆದ ಸೆಟಪ್ ಹಾಳೆಯನ್ನು ಇಲ್ಲಿ ಕುರುಡಾಗಿ ಹಾಕಿದರೆ ಕೈಕೊಡುವುದು ಇದಕ್ಕೇ.

ಹಿಂದೆ ಬೇಸಿಗೆ ಬಂದರೆ ಕೆರೆ ಅಂಗಳ ಸಿಗುತ್ತಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು) ಹರಿದು ಹಲವು ಕೆರೆ ತುಂಬಿವೆ, ಒಳ್ಳೆಯದೇ ಆಯಿತು. ಈಗ ಉಳಿದದ್ದು ರಾಗಿ ಕೊಯ್ದ ಹೊಲ ಮತ್ತು ಸೈಟು ಮಾರಾಟವಾಗದ ಲೇಔಟು. ಹೊಲದ ಒಂದು ಮೂಲೆಯನ್ನು ಕಣ ಮಾಡುವ ಹಾಗೆ ನೀರು ಚಿಮುಕಿಸಿ, ಕಲ್ಲುಗುಂಡು ಎಳೆದು, ಒಂದು ರಾತ್ರಿ ಬಿಟ್ಟರೆ ಗಟ್ಟಿ ನೆಲ ಸಿಗುತ್ತದೆ. ಟ್ರ್ಯಾಕಿನ ಅಂಚಿಗೆ ಹಳೆಯ 16 ಮಿ.ಮೀ. ಡ್ರಿಪ್ ಪೈಪು, ಅದನ್ನು ಹಿಡಿಯಲು ಬಗ್ಗಿಸಿದ ಜಿ.ಐ. ತಂತಿಯ ಮೊಳೆ. ಟೊಮೆಟೊ ಸೀಮೆಯಲ್ಲಿ ಈ ಪೈಪಿಗೆ ಬರವಿಲ್ಲ. ಗಾಡಿ ಬಡಿದರೆ ಪೈಪು ಬಗ್ಗುತ್ತದೆ, ಆರ್ಮ್ (ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳು) ಉಳಿಯುತ್ತದೆ. ಇಟ್ಟಿಗೆ, ಸೈಜುಗಲ್ಲು ಅಂಚಿಗೆ ಬೇಡವೇ ಬೇಡ. ಟೊಮೆಟೊ ಕ್ರೇಟನ್ನೂ ಅಂಚಿಗೆ ಇಡಬೇಡಿ. ಅದನ್ನು ಬೋರಲು ಹಾಕಿ ಗಾಡಿ ನಿಲ್ಲಿಸುವ ಸ್ಟ್ಯಾಂಡ್ ಮಾಡಿಕೊಂಡರೆ ಚಕ್ರಗಳು ನೇತಾಡುತ್ತವೆ.

ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು ದೂರದಿಂದ ಜಂಪಿಗೆಂದೇ ಕಟ್ಟಿದಂತೆ ಕಾಣುತ್ತವೆ. ಆ ಆಸೆ ಬಿಡಿ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ದೂಳು ಅದು. ಬೇರಿಂಗಿಗೂ ಕೇಡು, ಎದೆಗೂ ಕೇಡು.

ಬಿಚ್ಚುವ ಮೊದಲು

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಕೈಯಲ್ಲೇ ಆಗುವ ಪರೀಕ್ಷೆಗಳಿಗೆ ಹತ್ತು ನಿಮಿಷ ಕೊಟ್ಟರೆ ಅರ್ಧ ದಿನ ಉಳಿಯುತ್ತದೆ.

ಗಾಡಿ ಕ್ರೇಟಿನ ಮೇಲೆ. ನಡುವಿನಿಂದ ಹಿಂದಕ್ಕೆ ಹೋಗುವ ಶಾಫ್ಟನ್ನು ಬೆರಳಲ್ಲಿ ಬಿಗಿಹಿಡಿದು ಹಿಂದಿನ ಎಡ ಚಕ್ರ ತಿರುಗಿಸಿದರೆ ಬಲ ಚಕ್ರ ಉಲ್ಟಾ ತಿರುಗಬೇಕು, ಕೈಗೆ ಬೆಣ್ಣೆ ಕಡೆದಂಥ ತಡೆ ಸಿಗಬೇಕು. ಈ ಗಾಡಿಯಲ್ಲಿ ತಡೆಯೇ ಇರಲಿಲ್ಲ, ಚಕ್ರ ಬರಿದೇ ಗಿರ್ರನೆ ಓಡಿತು. ಅಂದರೆ ಹಿಂದಿನ ಡಿಫ್‌ನಲ್ಲಿ ಎಣ್ಣೆ ಇಲ್ಲ. ಮುಂದಿನದು ಸರಿ ಇತ್ತು. ಆಮೇಲೆ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಹಿಂದಿನ ಬಲದ್ದು ಟಕಟಕ ಎಂದಿತು. ಅದು ಹಬ್ ಬೇರಿಂಗ್. 3 ಮತ್ತು 9ರಲ್ಲಿ ಹಿಡಿದು ಅಲ್ಲಾಡಿಸಿದಾಗ ಮುಂದಿನ ಎರಡೂ ಅಲ್ಲಾಡಿದವು, ಅದು ಸ್ಟೀರಿಂಗಿನ ಬುಷ್ ಇಲ್ಲವೇ ಬಾಲ್ ಕಪ್. ಸರ್ವೋವನ್ನು (ಸ್ಟೀರಿಂಗ್ ತಿರುಗಿಸುವ ಸಣ್ಣ ಮೋಟಾರ್) ಪೆಟ್ಟಿನಿಂದ ಕಾಯುವ ಸರ್ವೋ ಸೇವರ್ ಸ್ಪ್ರಿಂಗ್ ಸಡಿಲ ಇದ್ದರೂ ಹೀಗೇ ತೋರುತ್ತದೆ. ಸರ್ವೋ ಆರ್ಮ್ ಹಿಡಿದುಕೊಂಡು ಇನ್ನೊಮ್ಮೆ ನೋಡಿದರೆ ಯಾವುದೆಂದು ತಿಳಿಯುತ್ತದೆ. ಇಲ್ಲಿ ಬುಷ್.

ಶುಚಿ ಮಾಡುವಾಗ ಮೊದಲು ಒಣ ಕೆಲಸ: ಒಂದು ಇಂಚಿನ ಪೇಂಟ್ ಬ್ರಷ್, ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಚಾಸಿಯ ಮೇಲೆ ಓರೆಯಾಗಿ ಬಿಡಬಹುದು, ಬೇರಿಂಗಿನ ಮುಖಕ್ಕೆ ನೇರ ಬಿಟ್ಟರೆ ಸೀಲ್ ದಾಟಿ ದೂಳು ಒಳಗೇ ಸೇರುತ್ತದೆ. ನೀರು ಹಾಕಿ ತೊಳೆಯುವುದು ಪೂರ್ತಿ ಬಿಚ್ಚಿದ ಮೇಲೆ, ಪ್ಲಾಸ್ಟಿಕ್ ಭಾಗಗಳಿಗೆ ಮಾತ್ರ. ಸ್ಕ್ರೂಗಳ ಹೆಕ್ಸ್ ತಲೆಯೊಳಗೆ ಗಟ್ಟಿಯಾದ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆದ ಮೇಲೆಯೇ ಡ್ರೈವರ್ ಹಾಕಬೇಕು. ಮಣ್ಣಿದ್ದರೆ ಡ್ರೈವರ್ ಪೂರ್ತಿ ಕೂರುವುದಿಲ್ಲ, ತಲೆ ಉರುಟಾಗುತ್ತದೆ. ಒಂದು ಉರುಟಾದರೂ ಇಡೀ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹಿಂದಿನ ಡಿಫ್

ಗರಗರ ಸದ್ದಿನ ಮೂಲ ಇಲ್ಲೇ ಇತ್ತು. ಗೇರ್‌ಬಾಕ್ಸ್ ತೆರೆದಾಗ 43 ಹಲ್ಲಿನ ಕ್ರೌನ್ (ಡಿಫ್ ಹೊರಮೈಯ ದೊಡ್ಡ ಹಲ್ಲುಚಕ್ರ) ಮೇಲೆ ಹಲ್ಲಿನ ಬುಡ ಕಪ್ಪಾಗಿ, ತುದಿ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳಪು ತುದಿಯಲ್ಲಿದ್ದರೆ 10 ಹಲ್ಲಿನ ಪಿನಿಯನ್ (ಕ್ರೌನನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ) ಕ್ರೌನಿಗೆ ಆಳವಾಗಿ ಕೂತಿಲ್ಲ, ಹಲ್ಲುಗಳು ತುದಿಗೆ ತುದಿ ತಾಗಿ ಜಾರುತ್ತಿವೆ ಎಂದರ್ಥ. ಮೂರು ಹಲ್ಲಿನ ಮೂಲೆ ಆಗಲೇ ಮುರಿದಿತ್ತು.

ಕ್ರೌನ್ ಬದಲಿಸಿ ಮುಚ್ಚಿಬಿಟ್ಟರೆ ಹತ್ತು ಪ್ಯಾಕ್ (ಬ್ಯಾಟರಿಯ ಒಂದು ಚಾರ್ಜಿನ ಓಟ ಒಂದು ಪ್ಯಾಕ್) ಓಡುವಷ್ಟರಲ್ಲಿ ಹೊಸದೂ ಹೋಗುತ್ತದೆ, ಏಕೆಂದರೆ ಕ್ರೌನ್ ರೋಗವಲ್ಲ. ಪಿನಿಯನ್ ಹಿಂದಿನ ಬೇರಿಂಗ್ ಹಿಡಿದು ಅಲ್ಲಾಡಿಸಿದರೆ ಕಣ್ಣಿಗೆ ಕಾಣುವಷ್ಟು ಆಟ. ಥ್ರಾಟಲ್ ಕೊಟ್ಟಾಗ ಕ್ರೌನ್ ಮತ್ತು ಪಿನಿಯನ್ ಒಂದನ್ನೊಂದು ದೂರ ತಳ್ಳುತ್ತವೆ. ಬೇರಿಂಗ್ ಗಟ್ಟಿ ಇದ್ದರೆ ಆ ತಳ್ಳುವಿಕೆಯನ್ನು ತಡೆಯುತ್ತದೆ, ಸವೆದಿದ್ದರೆ ಪಿನಿಯನ್ ಸರಿದು ಹಲ್ಲು ಬಿಟ್ಟುಕೊಡುತ್ತದೆ. ಕೈಯಲ್ಲಿ ತಿರುಗಿಸಿದಾಗ ಸದ್ದಿಲ್ಲ, ಭಾರ ಬಿದ್ದಾಗ ಮಾತ್ರ ಸದ್ದು. ದೂರಿನಲ್ಲಿದ್ದದ್ದೂ ಅದೇ.

ಹಾಕಿದ್ದು: ಹೊಸ ಕ್ರೌನ್ ಮತ್ತು ಪಿನಿಯನ್ ಜೋಡಿ (ಒಂದನ್ನೇ ಹೊಸದು ಹಾಕಿದರೆ ಹಳೆಯ ಹಲ್ಲು ಹೊಸದನ್ನು ತಿನ್ನುತ್ತದೆ), 8×16×5 ಬೇರಿಂಗ್ ಮೂರು, ಡಿಫ್ ಗ್ಯಾಸ್ಕೆಟ್ ಒಂದು, ಔಟ್‌ಡ್ರೈವ್ (ಡಿಫ್‌ನಿಂದ ಹೊರಚಾಚುವ ಸೀಳಿರುವ ಬಟ್ಟಲು) ಓ-ರಿಂಗ್ ಎರಡು, 13×16×0.2 ಶಿಮ್ (ತೆಳು ಉಕ್ಕಿನ ಬಳೆ) ಒಂದು.

ಎಣ್ಣೆ ಯಾಕೆ ಖಾಲಿಯಾಯಿತು ಎಂಬುದೂ ಬಿಚ್ಚಿದಾಗ ತಿಳಿಯಿತು. ಓ-ರಿಂಗ್ ಕೂರುವ ಜಾಗದಲ್ಲಿ ಔಟ್‌ಡ್ರೈವ್ ಸುತ್ತ ಉಗುರಿಗೆ ಸಿಕ್ಕುವ ಗೀರು. ದೂಳು ಓ-ರಿಂಗ್ ತುಟಿಯಲ್ಲಿ ಹುದುಗಿ, ತಾನೇ ಉಳಿಯಾಗಿ ಉಕ್ಕನ್ನು ಕೊರೆದಿದೆ. ಗೀರು ತೆಳುವಿದ್ದರೆ 1500ರ ನೀರುಕಾಗದದಲ್ಲಿ (ನೀರು ಹಾಕಿ ಉಜ್ಜುವ ನಯವಾದ ಎಮರಿ ಕಾಗದ) ಸುತ್ತಲೂ ಉಜ್ಜಿ ಸರಿಮಾಡಬಹುದು. ಉಗುರು ನಿಂತರೆ ಔಟ್‌ಡ್ರೈವ್ ಬದಲಿಸಬೇಕು. ಇಲ್ಲಿ ಎಡದ್ದು ಹೋಯಿತು, ಬಲದ್ದು ಉಳಿಯಿತು.

ಎಣ್ಣೆ ತುಂಬುವ ಕೆಲಸಕ್ಕೆ ಆತುರ ಸಲ್ಲದು. ದೊಡ್ಡ ಗೇರ್ ಒಂದನ್ನು ಕೂರಿಸಿ, ಅಡ್ಡ ಪಿನ್ ಎರಡನ್ನೂ ನಾಲ್ಕು ಸಣ್ಣ ಗೇರ್‌ಗಳನ್ನೂ ಇಟ್ಟು, ಅಡ್ಡ ಪಿನ್ ಮುಳುಗುವ ಮಟ್ಟಕ್ಕೆ ಎಣ್ಣೆ. ಔಟ್‌ಡ್ರೈವ್ ಕೈಯಲ್ಲಿ ನಿಧಾನ ತಿರುಗಿಸುತ್ತ ಗುಳ್ಳೆ ಏಳಿಸಿ, ಅರ್ಧ ಗಂಟೆ ಬಿಟ್ಟು, ಇಳಿದ ಮಟ್ಟವನ್ನು ಮತ್ತೆ ತುಂಬಬೇಕು. ಕಂಠಪೂರ್ತಿ ತುಂಬಿದರೆ ಬಿಸಿಯಾಗಿ ಹಿಗ್ಗಿದ ಎಣ್ಣೆ ಓ-ರಿಂಗನ್ನೇ ಹೊರಗೆ ತಳ್ಳುತ್ತದೆ. ಕಣ್ಣಳತೆಗಿಂತ ತೂಕ ನಂಬಿಕೆಯದು. ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ ಖಾಲಿ ಡಿಫ್ ತೂಕ, ತುಂಬಿದ ತೂಕ ಎರಡನ್ನೂ ಬರೆದಿಟ್ಟರೆ ಮುಂದಿನ ಸಲ ಬಿಚ್ಚದೆಯೇ ಸೋರಿಕೆ ಲೆಕ್ಕ ಸಿಗುತ್ತದೆ. ಮುಚ್ಚಳದ ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸಮವಾಗಿ ಬಿಗಿ ಮಾಡಬೇಕು. ಒಂದೇ ಪಕ್ಕ ಬಿಗಿದರೆ ಗ್ಯಾಸ್ಕೆಟ್ ಹರಿಯುತ್ತದೆ, ಕ್ರೌನ್ ಸೊಟ್ಟ ಓಡುತ್ತದೆ.

ಶಿಮ್ ಎಲ್ಲಿಗೆ ಹೋಗಬೇಕು ಎಂಬಲ್ಲಿ ತಪ್ಪುವವರೇ ಹೆಚ್ಚು. ಕ್ರೌನನ್ನು ಪಿನಿಯನ್ ಹತ್ತಿರ ತರಬೇಕಾದರೆ ಶಿಮ್ ಹೋಗುವುದು ಕ್ರೌನಿನ ಬೆನ್ನ ಕಡೆಯ ಬೇರಿಂಗಿಗೆ. ಒಂದು 0.2 ಹಾಕಿ, ಪೆಟ್ಟಿಗೆ ಮುಚ್ಚಿ ಬಿಗಿದು, ಪಿನಿಯನ್ ತಿರುಗಿಸಿದರೆ ಒಂದು ಕೂದಲಷ್ಟು ಆಟ ಇರಬೇಕು, ಎಲ್ಲೂ ಹಿಡಿಯಬಾರದು. ಹೊಸ ಗೇರ್ ಆರಂಭದಲ್ಲಿ ಸ್ವಲ್ಪ ಗುಯ್ ಎನ್ನುತ್ತದೆ, ಒಂದು ಪ್ಯಾಕ್ ಅರ್ಧ ಥ್ರಾಟಲಿನಲ್ಲಿ ಓಡಿಸಿದರೆ ಸದ್ದು ಇಳಿಯುತ್ತದೆ. ಇಳಿಯದಿದ್ದರೆ ಶಿಮ್ ಜಾಸ್ತಿಯಾಗಿದೆ. ಜೋಡಿಸಿದ ಮೇಲೆ ಮೋಟಾರ್ ತಿರುಗಿಸಿದಾಗ ಮುಂದಿನ ಚಕ್ರ ಮುಂದಕ್ಕೂ ಹಿಂದಿನವು ಹಿಂದಕ್ಕೂ ಓಡಿದರೆ ಗಾಬರಿ ಬೇಡ, ಡಿಫ್ ಎಡಬಲ ತಿರುಗಿ ಕೂತಿದೆ ಅಷ್ಟೆ. ತೆಗೆದು ಮಗ್ಗುಲು ಬದಲಿಸಿ.

ಎಣ್ಣೆಯ ಲೆಕ್ಕ (ಅಂಕಿ ಹೆಚ್ಚಿದಷ್ಟೂ ಎಣ್ಣೆ ದಪ್ಪ): ಮುಂದೆ 5000, ನಡುವೆ 5000, ಹಿಂದೆ 3000 ಹಾಕಿ ಶುರು ಮಾಡಿದ್ದು. ಮುಂದಿನದು ದಪ್ಪಗಾದಷ್ಟೂ ಥ್ರಾಟಲ್ ಕೊಟ್ಟಾಗ ಮೂತಿ ಎಳೆಯುತ್ತದೆ, ಆದರೆ ಥ್ರಾಟಲ್ ಬಿಟ್ಟು ತಿರುವಿಗೆ ನುಗ್ಗುವಾಗ ತಿರುಗುವುದು ಕಡಿಮೆ. ನಡುವಿನದು ತೆಳುವಾದರೆ ಮೋಟಾರಿನ ಶಕ್ತಿ ಹಗುರಾದ ಮುಂದಿನ ಚಕ್ರಕ್ಕೆ ಹರಿದು ಅಲ್ಲೇ ಸುತ್ತುತ್ತದೆ. ಗಾಡಿ ಸೌಮ್ಯವಾಗುತ್ತದೆ, ಓಟ ಮಂಕಾಗುತ್ತದೆ, ಮುಂದಿನ ಟೈರ್ ಬೇಗ ಸವೆಯುತ್ತದೆ. ಹಿಂದಿನದು ದಪ್ಪವಾದರೆ ಸಡಿಲ ಮಣ್ಣಿನಲ್ಲಿ ತಿರುವಿನಿಂದ ಏಳುವಾಗ ಎರಡೂ ಹಿಂಚಕ್ರ ಒಟ್ಟಿಗೆ ಜಾರುತ್ತವೆ.

ಶಾಫ್ಟು, ಔಟ್‌ಡ್ರೈವು, ಬೇರಿಂಗು

ಡಾಗ್‌ಬೋನ್ (ಡಿಫ್‌ನಿಂದ ಚಕ್ರಕ್ಕೆ ಹೋಗುವ ಶಾಫ್ಟ್) ಪಿನ್ ತಾಗುವ ಕಡೆ ಔಟ್‌ಡ್ರೈವ್ ಸೀಳಿನಲ್ಲಿ ಗುಳಿ ಬೀಳುತ್ತದೆ. ಗುಳಿಗೆ ಪಿನ್ ಸಿಕ್ಕಿಕೊಂಡರೆ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವಾಗ ಶಾಫ್ಟ್ ಜಾರದೆ ಹಿಡಿಯುತ್ತದೆ. ಥ್ರಾಟಲ್ ಒತ್ತಿದಾಗ ಆರ್ಮ್ ಹೆಪ್ಪುಗಟ್ಟಿದಂತಾಗಿ ಹಿಂಭಾಗ ಕಿತ್ತುಕೊಳ್ಳುವುದು, ಬಿಟ್ಟಾಗ ಸರಿಹೋಗುವುದು ಇದರಿಂದಲೇ. ಒಂದೇ ತಿರುವಿನ ಎರಡು ನಡತೆಗೆ ಅರ್ಧ ಕಾರಣ ಇದು. ಗುಳಿ ಅರ್ಧ ಮಿ.ಮೀ. ಒಳಗಿದ್ದರೆ ಎಡದ ಔಟ್‌ಡ್ರೈವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ. ಪಕ್ಕ ಬದಲಾದರೆ ತಿರುಗುವ ದಿಕ್ಕೂ ಬದಲಾಗುತ್ತದೆ, ಸೀಳಿನ ಸವೆಯದ ಗೋಡೆ ಭಾರ ಹೊರುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಆಯಸ್ಸು ಮರಳಿ ಬರುತ್ತದೆ. ಮುಂದಿನ ಡಿಫ್‌ಗೆ ಹೀಗೆ ಮಾಡಿದ್ದು. ಸವೆದ ಪಿನ್‌ಗಳನ್ನು ವೈಸಿನಲ್ಲಿ ಸಣ್ಣ ಸಾಕೆಟ್ ಆನಿಸಿ ಒತ್ತಿ ಹೊರತಳ್ಳಿ ಹೊಸದು ಕೂರಿಸಬಹುದು. ಸುತ್ತಿಗೆ ಬೇಡ, ಶಾಫ್ಟ್ ಬಾಗುತ್ತದೆ.

ಹೊರಗೆ ತೆರೆದುಕೊಂಡಿರುವ ಕೀಲುಗಳಿಗೆ ಗ್ರೀಸ್ ಹಾಕುವ ಪದ್ಧತಿಯನ್ನು ಕೈಪಿಡಿಗಳು ಹೇಳುತ್ತವೆ, ಈ ನೆಲಕ್ಕೆ ಅದು ಒಪ್ಪದು. ಗ್ರೀಸ್ ಮುಚ್ಚಿದ ಪೆಟ್ಟಿಗೆಯೊಳಗೆ ಮಾತ್ರ, ಅಂದರೆ ಕ್ರೌನ್ ಮತ್ತು ಪಿನಿಯನ್ನಿಗೆ. ಹೊರಗಿನ ಕೀಲಿಗೆ ಗ್ರಾಫೈಟ್ ಪುಡಿ, ಇಲ್ಲದಿದ್ದರೆ ಒಣಗಿಯೇ ಇರಲಿ.

ಬೇರಿಂಗ್ ಕೊಳ್ಳಲು ಆರ್‌ಸಿ ಅಂಗಡಿಯೇ ಆಗಬೇಕೆಂದಿಲ್ಲ. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರು ಕೊಳ್ಳುವ ಬೇರಿಂಗ್ ಅಂಗಡಿಯಲ್ಲಿ ಅಂಕಿ ಹೇಳಿದರೆ ಸಾಕು. 8×16×5 ಅಂದರೆ 688, 15×21×4 ಅಂದರೆ 6702, 6×13×5 ಅಂದರೆ 686. ಅಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ. ಕೇಳುವಾಗ 2ಆರ್‌ಎಸ್ ಎಂದು ಹೇಳಬೇಕು. ಅದು ಎರಡೂ ಮುಖಕ್ಕೆ ರಬ್ಬರ್ ಸೀಲ್ ಇರುವುದು. ಜಡ್‌ಜಡ್ ಎಂಬುದು ತಗಡಿನ ಮುಚ್ಚಳ, ಹಗುರಾಗಿ ತಿರುಗುತ್ತದೆ, ಆದರೆ ತಗಡಿನ ಸಂದಿಯಲ್ಲಿ ದೂಳು ಸಲೀಸಾಗಿ ನುಗ್ಗುತ್ತದೆ. ಚಕ್ರದ ಹಬ್ಬಿಗೆ ರಬ್ಬರಿನದೇ ಇರಲಿ.

ಹಳೆಯದನ್ನು ಉಳಿಸಿಕೊಳ್ಳುವುದಾದರೆ ಸೂಜಿಯಿಂದ ರಬ್ಬರ್ ಸೀಲಿನ ಒಳ ಅಂಚನ್ನು ಎತ್ತಿ ತೆಗೆದು, ಸೀಮೆಎಣ್ಣೆಯಲ್ಲಿ ಅಲ್ಲಾಡಿಸಿ ತೊಳೆದು, ಒಣಗಿಸಿ, ಒಳಜಾಗದ ಮೂರನೇ ಒಂದು ಭಾಗ ಗ್ರೀಸ್ ತುಂಬಿ ಸೀಲ್ ಒತ್ತಬೇಕು. ತೊಳೆದ ಮೇಲೂ ಬೆರಳಿನಲ್ಲಿ ತಿರುಗಿಸುವಾಗ ಮರಳು ಕಡಿದಂತಾದರೆ ಬಿಸಾಡಿ. ಒಳಗಿನ ಓಣಿ ಹೋಗಿದೆ.

ಆರ್ಮ್ ಮತ್ತು ಶಾಕ್

ಶಾಕ್, ಆಂಟಿ ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಕಂಬಿ) ಎರಡನ್ನೂ ಕಳಚಿ ಆರ್ಮನ್ನು ಮೇಲೆತ್ತಿ ಬಿಟ್ಟರೆ ಅದರದೇ ಭಾರಕ್ಕೆ ದಡಕ್ಕನೆ ಬೀಳಬೇಕು. ಹಿಂದಿನ ಬಲ ಆರ್ಮ್ ಅರ್ಧದಲ್ಲೇ ನಿಂತಿತು, ಕೈಯಿಂದ ತಳ್ಳಿದರೆ ಮಾತ್ರ ಇಳಿಯಿತು. ಒಂದೇ ತಿರುವಿನ ಎರಡು ನಡತೆಗೆ ಉಳಿದ ಅರ್ಧ ಕಾರಣ ಸಿಕ್ಕಿತು. ಹಿಂಜ್ ಪಿನ್ (ಆರ್ಮ್ ಆಡುವ ಕೀಲುಕಂಬಿ) ತೆಗೆದು ಗ್ರಾನೈಟ್ ಮೇಲೆ ಉರುಳಿಸಿದಾಗ ಸಣ್ಣಗೆ ಕುಣಿಯಿತು, ಅಂದರೆ ಬಾಗಿದೆ. ಬಾಗಿದ ಪಿನ್ನನ್ನು ನೇರ ಮಾಡಲು ಹೋಗಬೇಡಿ, ಎಷ್ಟು ತಟ್ಟಿದರೂ ಎಲ್ಲೋ ಒಂದು ಕಡೆ ಡೊಂಕು ಉಳಿಯುತ್ತದೆ. ಹೊಸ ಪಿನ್ ಹಾಕಿದ ಮೇಲೂ ಸ್ವಲ್ಪ ಬಿಗಿ ಇತ್ತು. ರಂಧ್ರದ ಒಳಗೋಡೆಗೆ ಕೆಂಪು ಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಡ್ರಿಲ್ ಬಿಟ್ ಹಾಕಿದರೆ ರಂಧ್ರ ಅಂಡಾಕಾರವಾಗುತ್ತದೆ. ಹತ್ತಿಬಟ್ಟೆಯ ಎಳೆಯನ್ನು ರಂಧ್ರದಲ್ಲಿ ಹಾಯಿಸಿ ಹತ್ತಾರು ಸಲ ಎಳೆದಾಡಿದರೆ ಸಾಕಾಯಿತು.

ಆರ್ಮ್ ಮುರಿದಾಗ ಅಲ್ಯೂಮಿನಿಯಂ ಆರ್ಮ್ ಹಾಕಿಸುವ ಚಾಳಿ ಇದೆ. ನೋಡಲು ಚೆಂದ. ಆದರೆ ಪೆಟ್ಟು ಎಲ್ಲಿಗಾದರೂ ಹೋಗಲೇಬೇಕು. ನೈಲಾನ್ ಆರ್ಮ್ ಬಗ್ಗಿ ಪೆಟ್ಟು ನುಂಗುತ್ತದೆ, ಹೆಚ್ಚಾದರೆ ತಾನು ಮುರಿಯುತ್ತದೆ. ಅಲ್ಯೂಮಿನಿಯಂ ಅದನ್ನು ಹಾಗೇ ಗೇರ್‌ಬಾಕ್ಸಿಗೂ ಚಾಸಿಯ ಸ್ಕ್ರೂ ರಂಧ್ರಕ್ಕೂ ಸಾಗಿಸುತ್ತದೆ. ಅಗ್ಗದ ಭಾಗ ಮುರಿಯಲಿ. ಬೇಸಿಗೆಯ ಒಣ ಹವೆಯಲ್ಲಿ ನೈಲಾನ್ ತೇವ ಕಳೆದುಕೊಂಡು ಪೆಡಸಾಗುತ್ತದೆ. ಹೊಸ ಆರ್ಮ್, ಹಬ್‌ಗಳನ್ನು ಕುದಿಯುವ ನೀರಿನಲ್ಲಿ 20ರಿಂದ 30 ನಿಮಿಷ ಹಾಕಿ, ಅದೇ ನೀರಿನಲ್ಲಿ ಆರಲು ಬಿಟ್ಟರೆ ತೇವ ಹೀರಿ ಬಾಗುವ ಗುಣ ಮರಳುತ್ತದೆ. ಅಡುಗೆಮನೆಯ ಪಾತ್ರೆ ಬಳಸಿದರೆ ಮನೆಯಲ್ಲಿ ಆಗುವುದಕ್ಕೆ ಈ ದಾಖಲೆ ಹೊಣೆಯಲ್ಲ.

ಶಾಕ್ ನಾಲ್ಕನ್ನೂ ಬಿಚ್ಚಿದ್ದಾಯಿತು, ಸೋರಿದ್ದು ಒಂದೇ ಆದರೂ. ಎಣ್ಣೆ ಬೂದುಬಣ್ಣಕ್ಕೆ ತಿರುಗಿತ್ತು, ಅದು ಒಳಗೋಡೆಯ ಅಲ್ಯೂಮಿನಿಯಂ ಸವೆದ ಪುಡಿ. ಮುಂದಿನ ಎಡದ ರಾಡನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಉದ್ದಕ್ಕೂ ಕೂದಲಿನಂಥ ಗೀರುಗಳು. ಗೀರು ಬಿದ್ದ ರಾಡಿಗೆ ಹೊಸ ಓ-ರಿಂಗ್ ಹಾಕಿದರೆ ಒಂದು ಪ್ಯಾಕ್ ಬಾಳುತ್ತದೆ. ರಾಡ್ ಹೊಸದು, ನಾಲ್ಕಕ್ಕೂ ಹೊಸ ಓ-ರಿಂಗ್, ಹಾಕುವಾಗ ಸಿಲಿಕೋನ್ ಗ್ರೀಸ್ ಸವರಿ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಕೆಲವು ಓ-ರಿಂಗ್ ಊದಿಕೊಂಡು ರಾಡನ್ನು ಕಚ್ಚುತ್ತವೆ. ರಾಡಿನ ತುದಿಯ ಥ್ರೆಡ್ ಓ-ರಿಂಗನ್ನು ಕೊಯ್ಯದಂತೆ ಥ್ರೆಡ್ಡಿಗೂ ಗ್ರೀಸ್ ತುಂಬಿ ತಿರುಗಿಸುತ್ತ ತೂರಿಸಬೇಕು. ಕೊನೆಗೆ ರಾಡಿನ ಮೇಲೆ ರಬ್ಬರ್ ಬೂಟ್. ಬೂಟ್ ಇಲ್ಲದೆ ಈ ದೂಳಿಗೆ ಇಳಿಸುವುದೇ ತಪ್ಪು.

ಎಣ್ಣೆ ತುಂಬುವುದು ಹೀಗೆ: ರಾಡ್ ಪೂರ್ತಿ ಕೆಳಗೆಳೆದು ಕಂಠದವರೆಗೆ ಎಣ್ಣೆ. ರಾಡನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಪಿಸ್ಟನ್ ಅಡಿಯಿಂದ ಮುತ್ತಿನಂಥ ಗುಳ್ಳೆ ಏಳುತ್ತವೆ. ಜೋರಾಗಿ ಆಡಿಸಿದರೆ ಗುಳ್ಳೆ ನುಣ್ಣಗೆ ನೊರೆಯಾಗಿ ಎಣ್ಣೆ ಮಜ್ಜಿಗೆಯಂತಾಗುತ್ತದೆ, ಆಮೇಲೆ ಗಂಟೆಗಟ್ಟಲೆ ಕಾಯಬೇಕು. ನಿಲ್ಲಿಸಿ ಕಾಲು ಗಂಟೆ ಬಿಡಿ. ಬ್ಲಾಡರ್ (ಕ್ಯಾಪ್ ಅಡಿಯ ರಬ್ಬರ್ ಮುಚ್ಚಳ) ಇಟ್ಟು, ರಾಡನ್ನು ಅರ್ಧ ಒಳತಳ್ಳಿ, ಕ್ಯಾಪ್ ತಿರುಗಿಸುತ್ತ ಹೋದರೆ ಥ್ರೆಡ್ ಸಂದಿಯಿಂದ ಹೆಚ್ಚಿನ ಎಣ್ಣೆ ಜಿನುಗುತ್ತದೆ. ಕ್ಯಾಪ್ ಬಿಗಿದು, ರಾಡ್ ಪೂರ್ತಿ ಒತ್ತಿ ಬಿಟ್ಟಾಗ ಎಡಬಲ ಜೋಡಿ ಒಂದೇ ಅಳತೆ, ಒಂದೇ ವೇಗದಲ್ಲಿ ಹೊರಬರಬೇಕು. ಇದನ್ನು ಬಾಯಲ್ಲಿ ಹೇಳಿದರೆ ಆಗದು, ಎರಡನ್ನೂ ಮೇಜಿನ ಮೇಲೆ ತಲೆಕೆಳಗು ನಿಲ್ಲಿಸಿ ಒಟ್ಟಿಗೆ ಒತ್ತಿ ಬಿಡಿ, ಕಣ್ಣಿಗೇ ಕಾಣುತ್ತದೆ. ಕಣ್ಣಿಯಿಂದ ಕಣ್ಣಿಗೆ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆದು ಜೋಡಿಯ ನಡುವೆ 0.2 ಮಿ.ಮೀ.ಗಿಂತ ವ್ಯತ್ಯಾಸ ಬಿಡಬೇಡಿ. ಒಂದು ಶಾಕ್ ಉದ್ದ ಇದ್ದರೆ ಗಾಡಿ ಹಾರಿದಾಗಲೇ ಒಂದು ಚಕ್ರ ಮೊದಲು ನೆಲ ಮುಟ್ಟುತ್ತದೆ.

ಮುಂದೆ 500, ಹಿಂದೆ 450 ಸಿಎಸ್‌ಟಿ (ಎಣ್ಣೆಯ ದಪ್ಪದ ಅಳತೆ) ಹಾಕಿ ಶುರು. ಬಾಟಲಿಯ ಮೇಲಿನ ಡಬ್ಲ್ಯುಟಿ ಅಂಕಿ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಸಿಎಸ್‌ಟಿಯನ್ನೇ ನೋಡಿ. ಬಿಸಿಯಾದರೆ ಎಣ್ಣೆ ತೆಳುವಾಗುತ್ತದೆ. ಡಿಸೆಂಬರ್ ಬೆಳಗಿನ ಚಳಿಗೆ ಸರಿಹೋದ ಎಣ್ಣೆ ಏಪ್ರಿಲ್ ಮಧ್ಯಾಹ್ನಕ್ಕೆ ನೀರಾಗಿರುತ್ತದೆ, 50 ಸಿಎಸ್‌ಟಿ ಏರಿಸಿ. ಪಿಸ್ಟನ್ ರಂಧ್ರ ಸಣ್ಣದಿದ್ದರೆ ದೊಡ್ಡ ಜಂಪಿನಲ್ಲಿ ಎಣ್ಣೆ ಥಟ್ಟನೆ ದಾಟಲಾರದೆ ಶಾಕ್ ಗಟ್ಟಿಯಾಗಿ ಚಾಸಿ ನೆಲಕ್ಕೆ ಬಡಿಯುವುದು ತಪ್ಪುತ್ತದೆ. ಆದರೆ ಅದೇ ಗಟ್ಟಿತನ ಉಬ್ಬುತಗ್ಗಿನ ನೆಲದಲ್ಲಿ ಗಾಡಿಯನ್ನು ಕಪ್ಪೆಯಂತೆ ಕುಪ್ಪಳಿಸುತ್ತದೆ. ನೇಗಿಲ ಸಾಲಿನ ಗುರುತು ಉಳಿದ ಹೊಲಕ್ಕೆ ದೊಡ್ಡ ರಂಧ್ರ, ಸ್ವಲ್ಪ ದಪ್ಪ ಎಣ್ಣೆ ಒಳ್ಳೆಯ ಜೋಡಿ.

ಗ್ರಾನೈಟ್ ಹಲಗೆಯ ಮೇಲೆ

ಸೆಟಪ್ ಬೋರ್ಡಿಗೆ ದುಡ್ಡು ಹಾಕುವ ಅಗತ್ಯ ಈ ಸೀಮೆಯಲ್ಲಿಲ್ಲ. ಪಾಲಿಶ್ ಮಾಡಿದ ಗ್ರಾನೈಟಿನ ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ತುಂಡು ಸಾಕು, ಮಟ್ಟಗೋಲು ಇಟ್ಟು ಕೆಳಗೆ ಕಾಗದ ಮಡಚಿ ಸಮ ಮಾಡಿಕೊಳ್ಳಿ. ಬರಿಯ ಚಾಸಿ ಇಟ್ಟಾಗ ಎದುರು ಮೂಲೆಗಳನ್ನು ಒತ್ತಿದರೆ ಅಲ್ಲಾಡಬಾರದು. ಈ ಚಾಸಿ ಅಲ್ಲಾಡಲಿಲ್ಲ, ಪುಣ್ಯ.

ಲೋಹಕ್ಕೆ ಲೋಹ ಸೇರುವ ಸ್ಕ್ರೂಗೆಲ್ಲ ನೀಲಿ ಥ್ರೆಡ್‌ಲಾಕರ್ ಒಂದು ಹನಿ. ಅದಕ್ಕೆ ಮೊದಲು ಸ್ಪಿರಿಟ್‌ನಲ್ಲಿ ಎಣ್ಣೆ ಪಸೆ ಒರೆಸದಿದ್ದರೆ ಹಾಕಿಯೂ ಹಾಕದಂತೆ. ಕೆಂಪು ಬೇಡ, ಬಿಚ್ಚಲು ಕಾಯಿಸಬೇಕಾಗುತ್ತದೆ. ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂಗೆ ಯಾವುದೂ ಬೇಡ, ಕೆಲವು ಪ್ಲಾಸ್ಟಿಕ್ ಥ್ರೆಡ್‌ಲಾಕರ್ ತಾಗಿದರೆ ಬಿರುಕು ಬಿಡುತ್ತವೆ. ಮೋಟಾರ್ ಪಿನಿಯನ್ನಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಶಾಫ್ಟಿನ ಚಪ್ಪಟೆ ಜಾಗದ ಮೇಲೇ ಕೂರಬೇಕು. ಪಿನಿಯನ್ ಮತ್ತು ಸ್ಪರ್ (ಮೋಟಾರ್ ಪಿನಿಯನ್ ತಿರುಗಿಸುವ ದೊಡ್ಡ ಗೇರ್) ನಡುವಿನ ಆಟಕ್ಕೆ ದಿನಪತ್ರಿಕೆಯ ಒಂದು ಪಟ್ಟಿ ಸಿಕ್ಕಿಸಿ ಮೋಟಾರನ್ನು ಒತ್ತಿ ಬಿಗಿದು, ಪಟ್ಟಿ ತೆಗೆದು, ಸ್ಪರ್ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಸ್ಪರ್ ಪರಿಪೂರ್ಣ ದುಂಡಗಿರುವುದಿಲ್ಲ, ಒಂದು ಕಡೆ ಬಿಗಿಯಾಗುತ್ತದೆ. ಆ ಬಿಗಿ ಜಾಗದಲ್ಲೂ ಸ್ವಲ್ಪ ಆಟ ಇರಬೇಕು.

ಟರ್ನ್‌ಬಕಲ್ (ತಿರುಗಿಸಿ ಉದ್ದ ಹೊಂದಿಸುವ ಕಂಬಿ) ಹಾಕುವಾಗ ನಡುವಿನ ಗುರುತಿನ ಗೆರೆ ಎಲ್ಲದರಲ್ಲೂ ಗಾಡಿಯ ಎಡಕ್ಕೇ ಇರಲಿ. ಆಗ ಮೈದಾನದಲ್ಲಿ ಸ್ಪ್ಯಾನರ್ ಯಾವ ಕಡೆ ತಿರುಗಿಸಿದರೆ ಉದ್ದವಾಗುತ್ತದೆ ಎಂದು ಯೋಚಿಸಬೇಕಾಗಿಲ್ಲ.

ಬ್ಯಾಟರಿ ಸಮೇತ ಗಾಡಿಯನ್ನು ಒಂದು ಗೇಣು ಎತ್ತರದಿಂದ ಹಲಗೆಯ ಮೇಲೆ ಬಿಟ್ಟು, ನಿಂತ ಮೇಲೆ ಚಾಸಿ ತಳದ ಎತ್ತರ ಅಳೆದು ಕಾಲರ್ (ಶಾಕ್ ಸ್ಪ್ರಿಂಗ್ ಒತ್ತುವ ಬಳೆ) ತಿರುಗಿಸಿ ಮುಂದೆ 28, ಹಿಂದೆ 30 ಮಿ.ಮೀ.ಗೆ ತಂದದ್ದು. ಸಮನೆಲದ ಟ್ರ್ಯಾಕಿಗೆ ಎರಡು ಮಿ.ಮೀ. ಇಳಿಸಬಹುದು. ಕ್ಯಾಂಬರ್ ಮುಂದೆ ಮೈನಸ್ 1, ಹಿಂದೆ ಮೈನಸ್ 2 ಡಿಗ್ರಿ. ಹಿಂದಿನ ಟೋ ಇನ್ (ಚಕ್ರದ ಮುಂತುದಿ ಒಳಕ್ಕೆ ತಿರುಗಿರುವ ಕೋನ) 3 ಡಿಗ್ರಿ, ಮುಂದೆ ಟೋ ಸೊನ್ನೆ. ಆಂಟಿ ರೋಲ್ ಬಾರ್ ಮುಂದೆ 2.3, ಹಿಂದೆ 2.5 ಮಿ.ಮೀ. ಬಾರ್ ತನ್ನ ಹಿಡಿಕೆಯಲ್ಲಿ ಬಿಡಿಯಾಗಿ ಬೀಳುವಷ್ಟು ಸಡಿಲ, ಅಲ್ಲಾಡದಷ್ಟು ಬಿಗಿ. ಅದರ ಗ್ರಬ್ ಸ್ಕ್ರೂ ಅರ್ಧ ಸುತ್ತು ಹೆಚ್ಚಾದರೂ ಅಷ್ಟೆಲ್ಲ ಶ್ರಮದಿಂದ ಬಿಡಿಸಿದ ಆರ್ಮ್ ಮತ್ತೆ ಹಿಡಿಯುತ್ತದೆ.

ಕರೆಂಟಿನ ಕಡೆ ಹೆಚ್ಚು ಕೆಲಸ ಇರಲಿಲ್ಲ. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಪೆಟ್ಟಿಗೆ) ಫ್ಯಾನಿನ ಮೇಲೆ ಹಳೆಯ ಕಾಲುಚೀಲದ ತೆಳು ಬಟ್ಟೆ, ರಿಸೀವರ್ ಡಬ್ಬಿಯ ತಂತಿ ಬರುವ ಸಂದಿಗೆ ಸಿಲಿಕೋನ್ ಗ್ರೀಸ್. ಸರ್ವೋ ಕೊನೆಯವರೆಗೆ ತಿರುಗಿ ಗುಂಯ್‌ಗುಟ್ಟುತ್ತಿತ್ತು, ಟ್ರಾನ್ಸ್‌ಮಿಟರ್‌ನಲ್ಲಿ ಎಂಡ್ ಪಾಯಿಂಟ್ (ಸರ್ವೋ ತಿರುಗುವ ಮಿತಿ) ಇಳಿಸಿ ಸದ್ದು ನಿಲ್ಲುವಲ್ಲಿಗೆ ತಂದದ್ದಾಯಿತು, ಹಾಗೆ ಬಿಟ್ಟಿದ್ದರೆ ಸುಡುತ್ತಿತ್ತು. ಲೈಪೊ ಕಟ್ ಆಫ್ ಸೆಲ್ ಒಂದಕ್ಕೆ 3.4 ವೋಲ್ಟ್. ಓಡಿಸದೆ ಇಡುವಾಗ 3.8. ಬಿಸಿಲಲ್ಲಿ ನಿಂತ ಕಾರಿನೊಳಗೆ ಬ್ಯಾಟರಿ ಬಿಡಬೇಡಿ, ಓಡಿಸಿದ ತಕ್ಷಣ ಬಿಸಿ ಬ್ಯಾಟರಿಗೆ ಚಾರ್ಜ್ ಹಾಕಬೇಡಿ.

ನೆಲಕ್ಕೆ ಇಳಿಸಿದಾಗ

ಮೊದಲ ಪ್ಯಾಕ್ ಅರ್ಧ ಥ್ರಾಟಲ್. ಗರಗರ ಇಲ್ಲ, ಹೊಸ ಗೇರಿನ ಗುಯ್ ಸದ್ದು ಪ್ಯಾಕ್ ಮುಗಿಯುವ ಹೊತ್ತಿಗೆ ಇಳಿಯಿತು. ಚಕ್ರದ ನಟ್, ಪಿನಿಯನ್ ಗ್ರಬ್ ಸ್ಕ್ರೂ ಮತ್ತೊಮ್ಮೆ ಬಿಗಿ ನೋಡಿದ್ದು.

ಎರಡನೇ ಪ್ಯಾಕಿನಲ್ಲಿ ಪೂರ್ತಿ ವೇಗ. ಈಗ ಗಾಡಿ ಪ್ರತಿ ಸುತ್ತೂ ಒಂದೇ ತಪ್ಪು ಮಾಡಿತು: ಥ್ರಾಟಲ್ ಬಿಟ್ಟು ತಿರುವಿಗೆ ನುಗ್ಗುವಾಗ ಮೂತಿ ಹೊರಗೆ. ಒಂದೇ ತಪ್ಪಾದರೆ ಅದು ಸೆಟಪ್ಪಿನ ವಿಷಯ, ಈಗ ಕೈಹಾಕಬಹುದು. ಮುಂದಿನ ಎತ್ತರ 28ರಿಂದ 27ಕ್ಕೆ ಇಳಿಸಿದ್ದು, ಬೇರೇನೂ ಮುಟ್ಟಲಿಲ್ಲ. ಮೂರನೇ ಪ್ಯಾಕಿನಲ್ಲಿ ಮೂತಿ ತಿರುಗಿತು, ತಿರುವಿನಿಂದ ಏಳುವಾಗ ಹಿಂಭಾಗ ಸ್ವಲ್ಪ ಜಾರಿತು. ಹಿಂದಿನ ಬಾರ್ 2.5ರ ಬದಲು 2.3. ಸಾಕಾಗಲಿಲ್ಲ. ಐದನೇ ಪ್ಯಾಕಿಗೆ ಮೊದಲು ಹಿಂದಿನ ಡಿಫ್ ಎಣ್ಣೆ 3000ದಿಂದ 2000ಕ್ಕೆ, ಜಾರುವುದು ನಿಂತಿತು. ಎರಡು ಬದಲಾವಣೆ ಒಟ್ಟಿಗೆ ಮಾಡಿದ್ದರೆ ಯಾವುದು ಕೆಲಸ ಮಾಡಿತೆಂದು ತಿಳಿಯುತ್ತಲೇ ಇರಲಿಲ್ಲ.

ಗೇರಿಂಗ್: 46ರ ಸ್ಪರ್‌ಗೆ 15 ಹಲ್ಲಿನ ಪಿನಿಯನ್ ಇತ್ತು. ಕ್ರೌನಿನ 4.3 ಸೇರಿ ಒಟ್ಟು 13.2ರ ಅನುಪಾತ. 110 ಮಿ.ಮೀ. ಟೈರಿಗೆ 14.8 ವೋಲ್ಟಿನಲ್ಲಿ ಲೆಕ್ಕಕ್ಕೆ ಗಂಟೆಗೆ 46 ಕಿ.ಮೀ. ಬರುತ್ತದೆ. ಆದರೆ ಸಡಿಲ ಮಣ್ಣು ಅಗೆಯುತ್ತ ಐದೇ ನಿಮಿಷಕ್ಕೆ ಮೋಟಾರ್ 80 ಡಿಗ್ರಿ ದಾಟಿತು. 14 ಹಲ್ಲಿಗೆ ಇಳಿಸಿದರೆ ಲೆಕ್ಕದ ವೇಗ 43, ಉಷ್ಣ 70ರ ಆಸುಪಾಸಿಗೆ ನಿಂತಿತು. ಚಿಕ್ಕ ಟ್ರ್ಯಾಕಿನಲ್ಲಿ ಆ ಮೂರು ಕಿ.ಮೀ. ಯಾರಿಗೂ ಕಾಣುವುದಿಲ್ಲ. ಕಾದು ಕಾದು ಮೋಟಾರಿನ ಆಯಸ್ಕಾಂತ ಬಲ ಕಳೆದುಕೊಂಡರೆ ಅದು ಮರಳಿ ಬರುವುದಿಲ್ಲ.

ಓಡಿಸುವವರಿಗೆ ಹೇಳಿದ್ದು ಒಂದೇ. ಗಾಳಿಯಲ್ಲಿ ಥ್ರಾಟಲ್ ಒತ್ತಿದರೆ ಮೂತಿ ಏಳುತ್ತದೆ, ಬ್ರೇಕ್ ಒತ್ತಿದರೆ ಇಳಿಯುತ್ತದೆ, ಅಷ್ಟಕ್ಕೆ ಬಳಸಿ. ನೆಲ ಮುಟ್ಟುವ ಕ್ಷಣಕ್ಕೆ ಚಕ್ರ ಪೂರ್ತಿ ವೇಗದಲ್ಲಿ ಸುತ್ತುತ್ತಿದ್ದರೆ ಟೈರ್ ಹಿಡಿದ ಒಡನೆ ಆ ಜಗ್ಗು ನೇರ ಕ್ರೌನಿನ ಹಲ್ಲಿಗೆ. ಹಿಂದಿನ ಕ್ರೌನ್ ಹೋಗಲು ಬೇರಿಂಗಿನ ಜೊತೆ ಇದೂ ಸೇರಿತ್ತು.

ಆರನೇ ಪ್ಯಾಕಿನ ನಂತರ ಮತ್ತೆ ಕ್ರೇಟಿನ ಮೇಲೆ. ನಾಲ್ಕೂ ಆರ್ಮ್ ತಾವಾಗಿ ಬಿದ್ದವು, ಶಾಕ್ ಬೂಟ್ ಒಳಗೆ ಒಣಗಿತ್ತು, ಹಿಂದಿನ ಡಿಫ್ ತೂಕದಲ್ಲಿ ಇಳಿಕೆ ಇಲ್ಲ. ಮುಂದಿನ ಬಲ ಹಬ್ಬಿನ 6702 ಸಣ್ಣಗೆ ಕಡಿಯುತ್ತಿದೆ, ಬದಲಿಸಲು ಚೀಟಿ ಅಂಟಿಸಿದೆ. ಶಾಕ್ ಎಣ್ಣೆ ಹತ್ತನೇ ಪ್ಯಾಕಿಗೆ, ಡಿಫ್ ಎಣ್ಣೆ ಇಪ್ಪತ್ತಕ್ಕೆ. ಮಳೆ ಬಿದ್ದು ನೆಲ ಹಿಡಿತಕ್ಕೆ ಬಂದಾಗ ನಡುವಿನ ಡಿಫ್‌ಗೆ 7000 ಹಾಕಿ ನೋಡುವುದು ಬಾಕಿ.